ಆಸ್ಟಿಯೋಪಥಿಕ್ ವೈದ್ಯರೂ ರೋಗಿಯ ಆಯ್ಕೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯವೃತ್ತಿಯ ಪೂರ್ಣಾಧಿಕಾರವನ್ನು ಪಡೆದವರು ಎರಡು ಬಗೆಯ ಪದವೀಧರರು: ಎಂ.ಡಿ. ಪದವಿಯವರು ಮತ್ತು ಡಿ.ಒ. ಪದವಿಯವರು. ಮೊದಲನೆಯವರು ಲೋಕದ ಬಹುಪಾಲು ದೇಶಗಳಲ್ಲಿ ಪ್ರಚಲಿತವಾಗಿರುವ ವೈದ್ಯವಿದ್ಯೆಯ ಪರಂಪರೆಗೆ ಸೇರಿದವರು. ಎರಡನೆಯವರು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಪರಂಪರೆಗೆ ಎದುರುನಿಂತು, ಮಿಸ್ಸೂರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಬೇರೂರಿ, ಕಾಲಕ್ರಮದಲ್ಲಿ ತಾನು ಎದುರಿಸಿದ ವಿದ್ಯೆಯನ್ನೆಲ್ಲ ತನ್ನದಾಗಿಸಿಕೊಂಡ ಆಸ್ಟಿಯೋಪಥಿ ಎಂಬ ಪಂಥದ ಉತ್ತರಾಧಿಕಾರಿಗಳು. ಇಬ್ಬರೂ ಔಷಧವನ್ನು ಬರೆದುಕೊಡಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು, ಹೆರಿಗೆ ಮಾಡಿಸಬಹುದು, ಮರಣಪತ್ರಕ್ಕೆ ಸಹಿ ಹಾಕಬಹುದು. ಹೀಗಿರುವಾಗ ರೋಗಿಯಾದವನು ಈ ಇಬ್ಬರಲ್ಲಿ ಒಬ್ಬರನ್ನು ಯಾವ ಕಾರಣದಿಂದ ಆರಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಇಂದು ದೊರೆಯುವ ಉತ್ತರ ಬೇರೆ, ನೂರು ವರ್ಷಗಳ ಹಿಂದೆ ದೊರೆಯುತ್ತಿದ್ದ ಉತ್ತರ ಬೇರೆ. ಅಂದಿನದು ಎರಡು ಸಿದ್ಧಾಂತಗಳ ನಡುವಣ ಆಯ್ಕೆ. ಇಂದಿನದು ಬಹುಮಟ್ಟಿಗೆ ಇಬ್ಬರು ವ್ಯಕ್ತಿಗಳ ನಡುವಣ ಆಯ್ಕೆ. ಈ ಪರಿವರ್ತನೆಯಲ್ಲಿ ಶಾಸನಸಭೆಗಳಿಗೂ ವೈದ್ಯಸಂಘಗಳಿಗೂ ಇರುವ ಪಾತ್ರವನ್ನು ಇತಿಹಾಸಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ತಮಗೆ ಹಿತವೆನಿಸಿದ ವೈದ್ಯನ ಬಾಗಿಲಿಗೆ ಮತ್ತೆ ಮತ್ತೆ ಹೋದ ಸಾಮಾನ್ಯ ರೋಗಿಗಳ ಪಾತ್ರ ಅದಕ್ಕಿಂತ ಕಡಿಮೆಯದಲ್ಲ.

ಕನ್ನಡ ವಾಚಕರು ಇಲ್ಲಿ ಒಂದು ಭೇದವನ್ನು ಗಮನದಲ್ಲಿಡಬೇಕು. ನಮ್ಮಲ್ಲಿ ಆಯುರ್ವೇದದ ಪಂಡಿತರ ಬಳಿಗೆ ಹೋಗುವುದೋ ಎಂ.ಬಿ.ಬಿ.ಎಸ್. ಮಾಡಿದ ಡಾಕ್ಟರ ಬಳಿಗೆ ಹೋಗುವುದೋ ಎಂದು ಮನೆಮಂದಿ ಕೂತು ಯೋಚಿಸುವುದುಂಟಷ್ಟೆ. ಆ ಯೋಚನೆಯಲ್ಲಿ ಔಷಧವೂ ಬೇರೆ, ಪಥ್ಯವೂ ಬೇರೆ, ಶರೀರವನ್ನು ಕುರಿತ ಕಲ್ಪನೆಯೇ ಬೇರೆ. ಇಂದಿನ ಅಮೆರಿಕದ ಡಿ.ಒ.–ಎಂ.ಡಿ. ಭೇದ ಅಂಥದಲ್ಲ. ಅಲ್ಲಿಯ ಎಂ.ಡಿ. ಎಂಬುದು ನಮ್ಮಲ್ಲಿಯಂತೆ ಎಂ.ಬಿ.ಬಿ.ಎಸ್. ಆದಮೇಲೆ ಪಡೆಯುವ ಸ್ನಾತಕೋತ್ತರ ಪದವಿಯಲ್ಲ, ವೈದ್ಯನಾಗಲು ಬೇಕಾದ ಮೊದಲ ಪದವಿಯೇ, ಡಿ.ಒ. ಎಂಬುದೂ ಅದಕ್ಕೆ ಸಮಾನವಾದ ಮೊದಲ ಪದವಿ.

ಆಸ್ಟಿಯೋಪಥಿಯ ಪ್ರವರ್ತಕನಾದ ಆಂಡ್ರ್ಯೂ ಟೇಲರ್ ಸ್ಟಿಲ್ 1828ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದನು. ಅವನ ತಂದೆ ಮೆಥೊಡಿಸ್ಟ್ ಪಂಥದ ಉಪದೇಶಕನೂ ವೈದ್ಯನೂ ಆಗಿದ್ದನು. ಮಗನು ಆ ಕಾಲದ ವಾಡಿಕೆಯಂತೆ ತಂದೆಯ ಜೊತೆಯಲ್ಲಿದ್ದುಕೊಂಡೇ ವೈದ್ಯವನ್ನು ಕಲಿತನು. ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಸೇವೆ ಸಲ್ಲಿಸಿದನು. 1864ರಲ್ಲಿ ಅವನ ಮನೆಯಲ್ಲಿ ಮಿದುಳುಪೊರೆಯ ಜ್ವರವು ಹೊಕ್ಕು ಮೂರು ಮಕ್ಕಳನ್ನು ಕೊಂಡೊಯ್ದಿತು. ತಾನೂ ವೈದ್ಯ, ಕರೆಸಿದವರೂ ವೈದ್ಯರು, ಕೊಟ್ಟದ್ದು ಅಂದಿನ ಶ್ರೇಷ್ಠವೆನಿಸಿದ ಔಷಧಗಳು. ಆದರೂ ಮಕ್ಕಳು ಉಳಿಯಲಿಲ್ಲ. ಆ ದುಃಖದಿಂದ ಹುಟ್ಟಿದ ಸಂಶಯವು ಹತ್ತು ವರ್ಷಗಳ ಕಾಲ ಅವನಲ್ಲಿ ಬೆಳೆದು, 1874ರಲ್ಲಿ ಒಂದು ಸಿದ್ಧಾಂತದ ರೂಪವನ್ನು ತಾಳಿತು: ಶರೀರವು ತನ್ನ ಆರೋಗ್ಯವನ್ನು ತಾನೇ ಕಾಪಾಡಿಕೊಳ್ಳಬಲ್ಲ ಯಂತ್ರ, ಮೂಳೆಗಳೂ ಸಂಧಿಗಳೂ ಸ್ನಾಯುಗಳೂ ತಮ್ಮ ನೆಲೆಯಿಂದ ಕದಲಿದಾಗ ರಕ್ತಪರಿಚಲನೆಗೂ ನರಗಳ ವ್ಯಾಪಾರಕ್ಕೂ ಅಡ್ಡಿಯುಂಟಾಗಿ ವ್ಯಾಧಿಗಳು ತಲೆದೋರುತ್ತವೆ, ನುರಿತ ಕೈ ಆ ಅಡ್ಡಿಯನ್ನು ನಿವಾರಿಸಿದರೆ ಉಳಿದ ಕೆಲಸವನ್ನು ಪ್ರಕೃತಿಯೇ ನೆರವೇರಿಸುತ್ತದೆ. ಸಕಲ ರೋಗಗಳಿಗೂ ಇದೇ ಮೂಲವೆಂಬ ಅವನ ನಂಬಿಕೆಯನ್ನು ಅನಂತರದ ವಿಜ್ಞಾನವು ಎತ್ತಿಹಿಡಿಯಲಿಲ್ಲ. ಆದರೆ ಅಂದಿನ ಔಷಧಗಳನ್ನು ಕುರಿತು ಅವನು ತಳೆದ ಅವಿಶ್ವಾಸವು ಅಕಾರಣವಾದುದೆಂದು ಯಾರೂ ಹೇಳಲಾರರು. ಪಾದರಸದಿಂದ ಮಾಡಿದ ಕ್ಯಾಲೊಮೆಲ್, ಅಫೀಮು, ಮದ್ಯಸಾರ — ಇವು ಅಂದಿನ ವೈದ್ಯನ ಸಂಚಿಯಲ್ಲಿದ್ದ ಮುಖ್ಯ ಸಾಮಗ್ರಿ. ಹಲ್ಲುಗಳು ಸಡಿಲಿ ಬಾಯಲ್ಲಿ ಜೊಲ್ಲು ಸುರಿಯುವವರೆಗೆ ಪಾದರಸವನ್ನು ಕೊಡುವುದು ಶಾಸ್ತ್ರಸಮ್ಮತವಾದ ಚಿಕಿತ್ಸೆಯಾಗಿದ್ದ ಕಾಲದಲ್ಲಿ, ಏನನ್ನೂ ಕುಡಿಸದೆ ಬರಿಯ ಕೈಯಿಂದ ನೋಡುವ ವೈದ್ಯನು ಜನಕ್ಕೆ ಪ್ರಿಯನಾದದ್ದು ಆಶ್ಚರ್ಯವಲ್ಲ.

ಕರ್ಕ್ಸ್‌ವಿಲ್ಲಿಗೆ ರೋಗಿಗಳು ರೈಲುಗಾಡಿಗಳಲ್ಲಿ ಬರತೊಡಗಿದರು. ಸ್ಟಿಲ್ 1892ರಲ್ಲಿ ಅಲ್ಲಿ ಅಮೆರಿಕನ್ ಸ್ಕೂಲ್ ಆಫ್ ಆಸ್ಟಿಯೋಪಥಿಯನ್ನು ಸ್ಥಾಪಿಸಿದನು. ಮೊದಲ ತರಗತಿಯಿಂದಲೇ ಸ್ತ್ರೀಯರಿಗೂ ಅಲ್ಲಿ ಪ್ರವೇಶವಿತ್ತು. ಹಾಗೆ ರೈಲಿನಲ್ಲಿ ಬಂದ ರೋಗಿಗಳಲ್ಲಿ ಹೆಚ್ಚಿನವರು ಯಾರು ಎಂಬುದನ್ನು ಗಮನಿಸಿದರೆ ಆಯ್ಕೆಯ ಮರ್ಮ ತಿಳಿಯುತ್ತದೆ. ಪ್ರಾಣಾಂತಿಕವಾದ ತೀವ್ರಜ್ವರದವರು ದೂರ ಪ್ರಯಾಣ ಮಾಡಲಾರರು. ಬಂದವರು ಬೆನ್ನುನೋವು, ಕೀಲುನೋವು, ತಲೆಶೂಲೆ, ಸೊಂಟಹಿಡಿತ ಮುಂತಾದ ದೀರ್ಘಕಾಲದ ಬಾಧೆಗಳಿಂದ ಬಳಲಿ, ಊರಿನ ವೈದ್ಯರಿಂದ ಗುಣವಾಗದೆ, ಕಡೆಯ ಆಶೆಯಾಗಿ ಗಾಡಿ ಹತ್ತಿದವರು. ಇಂಥ ಬಾಧೆಗಳಲ್ಲಿ ಕೈಚಿಕಿತ್ಸೆಯಿಂದ ಕೆಲವರಿಗಾದರೂ ನಿಜವಾದ ಶಮನ ದೊರೆಯುವ ಸಂಭವವುಂಟು. ಗುಣವಾದವನು ಊರಿಗೆ ಹಿಂತಿರುಗಿ ನೆರೆಹೊರೆಯವರಿಗೆ ಹೇಳುವನು; ಆ ಮಾತೇ ಪಂಥದ ಪ್ರಚಾರಪತ್ರ. ರೋಗಿಗಳು ಸಿದ್ಧಾಂತವನ್ನು ಪರೀಕ್ಷಿಸಿ ಒಪ್ಪಿದವರಲ್ಲ. ಕೈಗುಣವನ್ನು ಕಂಡು ನಂಬಿದವರು.

ಶಾಸನದ ಮನ್ನಣೆಯೂ ಈ ನಂಬಿಕೆಯ ಹಿಂದೆಯೇ ಬಂದಿತು. 1896ರಲ್ಲಿ ವರ್ಮಾಂಟ್ ಸಂಸ್ಥಾನವು ಆಸ್ಟಿಯೋಪಥಿಯ ವೃತ್ತಿಗೆ ಮೊದಲ ಅನುಮತಿಯನ್ನಿತ್ತಿತು. ಮರುವರ್ಷ ಈ ವೃತ್ತಿಯವರ ರಾಷ್ಟ್ರೀಯ ಸಂಘ ಹುಟ್ಟಿತು. 1901ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಾಸನಸಭೆಯ ಸಮಿತಿಯ ಮುಂದೆ ವಿಷಯವು ವಿಚಾರಣೆಗೆ ಬಂದಾಗ, ಸುಪ್ರಸಿದ್ಧ ಸಾಹಿತಿ ಮಾರ್ಕ್ ಟ್ವೇನ್ ಆಲ್ಬನಿಗೆ ಹೋಗಿ ಆಸ್ಟಿಯೋಪಥಿಯವರ ಪರವಾಗಿ ಮಾತನಾಡಿದನು. ತನ್ನ ಶರೀರವನ್ನು ಯಾರ ಕೈಗೊಪ್ಪಿಸಬೇಕೆಂಬುದನ್ನು ನಿಶ್ಚಯಿಸುವ ಹಕ್ಕು ಆ ಶರೀರದ ಒಡೆಯನದೇ ಎಂಬುದು ಅವನ ವಾದದ ಸಾರ. ವೈದ್ಯಸಂಘದವರ ಪ್ರತಿವಾದವೂ ಅಲ್ಲಗಳೆಯತಕ್ಕದ್ದಾಗಿರಲಿಲ್ಲ: ರೋಗನಿದಾನವನ್ನೇ ಸರಿಯಾಗಿ ಕಲಿಯದವನು ಗಂಟಲಮಾರಿಯನ್ನು ಕತ್ತಿನ ಮೂಳೆಯ ದೋಷವೆಂದು ಬಗೆದರೆ ಮಗುವಿನ ಪ್ರಾಣಕ್ಕೆ ಹೊಣೆ ಯಾರು? 1910ರಲ್ಲಿ ಅಮೆರಿಕದ ವೈದ್ಯಶಾಲೆಗಳನ್ನೆಲ್ಲ ಪರಿಶೀಲಿಸಿ ವರದಿಯನ್ನಿತ್ತ ಏಬ್ರಹಾಂ ಫ್ಲೆಕ್ಸ್ನರ್ ಆಸ್ಟಿಯೋಪಥಿಯ ಎಂಟು ಶಾಲೆಗಳನ್ನೂ ಕಟುವಾಗಿ ಖಂಡಿಸಿದನು. ಆ ಖಂಡನೆ ನ್ಯಾಯವಾದುದೇ ಆಗಿತ್ತು, ಮತ್ತು ಕಾಲಾಂತರದಲ್ಲಿ ಫಲಕಾರಿಯೂ ಆಯಿತು. ಶಾಲೆಗಳು ತಮ್ಮ ಪಾಠಕ್ರಮವನ್ನು ಬಿಗಿಗೊಳಿಸಿದವು, ಪ್ರಯೋಗಶಾಲೆಗಳನ್ನು ಕಟ್ಟಿದವು, 1920ರ ದಶಕ ಮುಗಿಯುವ ಹೊತ್ತಿಗೆ ಸ್ಟಿಲ್ ದೂರವಿಟ್ಟಿದ್ದ ಔಷಧಶಾಸ್ತ್ರವನ್ನೂ ಅಂಗೀಕರಿಸಿದವು. ಪ್ರವರ್ತಕನು ತೀರಿಕೊಂಡದ್ದು 1917ರಲ್ಲಿ. ಅವನ ಶಿಷ್ಯರು ಅವನ ಹೆಸರನ್ನು ಉಳಿಸಿಕೊಂಡು ಅವನ ನಿಷೇಧವನ್ನು ಕೈಬಿಟ್ಟರು.

ಆದರೂ ಎರಡು ವರ್ಗಗಳ ನಡುವಣ ಗೋಡೆ ಇನ್ನೂ ಅರ್ಧ ಶತಮಾನ ನಿಂತಿತು. ಅಮೆರಿಕದ ವೈದ್ಯಸಂಘವು ಆಸ್ಟಿಯೋಪಥಿಯನ್ನು ಅವೈಜ್ಞಾನಿಕ ಮತವೆಂದು ಸಾರಿ, ತನ್ನ ಸದಸ್ಯರು ಆ ವೃತ್ತಿಯವರೊಡನೆ ವ್ಯವಹರಿಸುವುದನ್ನು ನೀತಿಬಾಹಿರವೆಂದು ಎಣಿಸಿತು. ಡಿ.ಒ. ಪದವೀಧರರಿಗೆ ಸಾಮಾನ್ಯ ಆಸ್ಪತ್ರೆಗಳಲ್ಲಿ ಪ್ರವೇಶವಿರಲಿಲ್ಲವಾಗಿ ಅವರು ಮಿಶಿಗನ್, ಒಹಾಯೊ, ಪೆನ್ಸಿಲ್ವೇನಿಯ, ಮಿಸ್ಸೂರಿ ಮೊದಲಾದ ಸಂಸ್ಥಾನಗಳಲ್ಲಿ ತಮ್ಮವೇ ಆದ ಆಸ್ಪತ್ರೆಗಳನ್ನು ಕಟ್ಟಿಕೊಂಡರು. ಆದುದರಿಂದ ಅಂದಿನ ರೋಗಿಯ ಆಯ್ಕೆ ಬರಿಯ ವೈದ್ಯನ ಆಯ್ಕೆಯಾಗಿರಲಿಲ್ಲ. ಡಿ.ಒ. ವೈದ್ಯನನ್ನು ಮನೆವೈದ್ಯನನ್ನಾಗಿ ಮಾಡಿಕೊಂಡ ಕುಟುಂಬವು, ಹೆರಿಗೆಯೇ ಬರಲಿ, ಅಪೆಂಡಿಕ್ಸ್ ಊತವೇ ಬರಲಿ, ಬೇರೊಂದು ಆಸ್ಪತ್ರೆಯನ್ನೂ ಬೇರೊಂದು ಶಸ್ತ್ರವೈದ್ಯರ ಸಮುದಾಯವನ್ನೂ ತಾನಾಗಿಯೇ ಆರಿಸಿಕೊಂಡಂತಾಗುತ್ತಿತ್ತು. ತಜ್ಞನ ಸಲಹೆ ಬೇಕಾದಾಗ ಗೋಡೆಯ ಆಚೆಗಿದ್ದ ತಜ್ಞನು ಬಹಿರಂಗವಾಗಿ ನೆರವಾಗಲು ಹಿಂಜರಿಯುತ್ತಿದ್ದುದರಿಂದ ರೋಗಿಗೆ ಆಗುತ್ತಿದ್ದ ನಷ್ಟವನ್ನು ಎರಡು ಪಕ್ಷಗಳ ವಾದಗಳಲ್ಲಿಯೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವೃತ್ತಿಗಳ ಕಲಹದಲ್ಲಿ ರೋಗಿಯು ಮರೆತುಹೋದ ಪ್ರಸಂಗಗಳಲ್ಲಿ ಇದು ಅತ್ಯಂತ ಶೋಚನೀಯವಾದದ್ದು.

ಎರಡನೆಯ ಮಹಾಯುದ್ಧವು ಈ ಪರಿಸ್ಥಿತಿಯನ್ನು ಯಾರೂ ಎಣಿಸದ ರೀತಿಯಲ್ಲಿ ಮಾರ್ಪಡಿಸಿತು. ಸೈನ್ಯದ ವೈದ್ಯವಿಭಾಗವು ಡಿ.ಒ. ಪದವೀಧರರನ್ನು ವೈದ್ಯಾಧಿಕಾರಿಗಳನ್ನಾಗಿ ನೇಮಿಸಲು ಒಪ್ಪಲಿಲ್ಲ. ಎಂ.ಡಿ. ವೈದ್ಯರು ಸಾವಿರಾರು ಸಂಖ್ಯೆಯಲ್ಲಿ ಸಮವಸ್ತ್ರ ತೊಟ್ಟು ಯೂರೋಪಿಗೂ ಶಾಂತಸಾಗರದ ದ್ವೀಪಗಳಿಗೂ ತೆರಳಿದರು. ಅವರ ರೋಗಿಗಳು ಊರುಗಳಲ್ಲಿ ಉಳಿದರು. ಜೊತೆಗೆ ಅವಮಾನಿತರಾದ ಆಸ್ಟಿಯೋಪಥಿಯವರೂ ಉಳಿದರು. ಹಿಂದೆ ಎಂದೂ ಆ ಬಾಗಿಲನ್ನು ತಟ್ಟದ ಗೃಹಿಣಿಯರು, ಕಾರ್ಖಾನೆಯ ಕೆಲಸಗಾರರು, ವೃದ್ಧರು ಬೇರೆ ದಾರಿಯಿಲ್ಲದೆ ಡಿ.ಒ. ವೈದ್ಯರ ಬಳಿಗೆ ಹೋದರು. ಅವರಲ್ಲಿ ಬಹುಮಂದಿ ಕಂಡುಕೊಂಡದ್ದೇನೆಂದರೆ, ಈ ವೈದ್ಯನೂ ನಾಡಿ ನೋಡುತ್ತಾನೆ, ಎದೆಗೆ ಸ್ಟೆತಾಸ್ಕೋಪು ಇಡುತ್ತಾನೆ, ಸಲ್ಫಾ ಮಾತ್ರೆಗಳನ್ನು ಬರೆದುಕೊಡುತ್ತಾನೆ, ರಾತ್ರಿ ಕರೆದರೆ ಬರುತ್ತಾನೆ. ಯುದ್ಧ ಮುಗಿದು ಹಳೆಯ ವೈದ್ಯರು ಹಿಂತಿರುಗಿದಾಗ ಈ ರೋಗಿಗಳೆಲ್ಲರೂ ಅವರ ಜೊತೆಯಲ್ಲಿ ಹಿಂತಿರುಗಲಿಲ್ಲ. ಆಸ್ಟಿಯೋಪಥಿಯ ಇತಿಹಾಸವನ್ನು ಬರೆದ ನಾರ್ಮನ್ ಗೆವಿಟ್ಜ್ ಮೊದಲಾದವರು ಈ ಘಟ್ಟಕ್ಕೆ ಮಹತ್ತ್ವವನ್ನು ಕೊಟ್ಟಿರುವುದು ಯುಕ್ತವಾಗಿದೆ. ಸೈನ್ಯದ ತಿರಸ್ಕಾರವು ವೃತ್ತಿಗೆ ಪೌರಜೀವನದ ಸಮ್ಮಾನವನ್ನು ತಂದುಕೊಟ್ಟಿತು, ತಂದುಕೊಟ್ಟವರು ರೋಗಿಗಳು.

ಎರಡು ಪದವಿಗಳ ಭೇದ ಎಷ್ಟು ತೆಳುವಾಗಿತ್ತೆಂಬುದನ್ನು ಕ್ಯಾಲಿಫೋರ್ನಿಯ ಸಂಸ್ಥಾನವು ಲೋಕದ ಮುಂದೆ ತೋರಿಸಿತು. ಅಲ್ಲಿಯ ಎರಡೂ ವೈದ್ಯಸಂಘಗಳು 1961ರಲ್ಲಿ ವಿಲೀನವಾಗಲು ಒಪ್ಪಿಕೊಂಡವು; ಲಾಸ್ ಏಂಜಲೀಸಿನ ಆಸ್ಟಿಯೋಪಥಿಕ್ ವಿದ್ಯಾಲಯವು ಎಂ.ಡಿ. ಪದವಿಯನ್ನು ಕೊಡುವ ವಿದ್ಯಾಲಯವಾಗಿ ಮಾರ್ಪಟ್ಟಿತು. ಇಂದು ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವೈದ್ಯಶಾಲೆ ಅದರ ಸಂತಾನ. ಸುಮಾರು 2000 ಮಂದಿ ಡಿ.ಒ. ವೈದ್ಯರು 65 ಡಾಲರು ಶುಲ್ಕವನ್ನು ತೆತ್ತು, ಮತ್ತೆ ಪರೀಕ್ಷೆಗೆ ಕೂರುವ ಅಗತ್ಯವೂ ಇಲ್ಲದೆ, ಎಂ.ಡಿ. ಪದವಿಯನ್ನು ಪಡೆದರು. ಅದೇ ಚಿಕಿತ್ಸಾಲಯ, ಅದೇ ವೈದ್ಯ, ಅದೇ ರೋಗಿ. ಬಾಗಿಲ ಮೇಲಿನ ಫಲಕ ಮಾತ್ರ ಹೊಸದು. 1962ರ ನವೆಂಬರಿನಲ್ಲಿ ಮತದಾರರು ಆ ಸಂಸ್ಥಾನದಲ್ಲಿ ಹೊಸ ಡಿ.ಒ. ವೈದ್ಯರಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸುವ ಪ್ರಸ್ತಾವವನ್ನು ಅಂಗೀಕರಿಸಿದರು. ಪಂಥದ ಅಂತ್ಯಕಾಲ ಸಮೀಪಿಸಿತೆಂದು ಹಲವರು ಭಾವಿಸಿದರು. ಆದರೆ ಪರಿಣಾಮ ವಿಪರೀತವಾಯಿತು. ಶುಲ್ಕ ತೆತ್ತವನು ಒಂದೇ ದಿನದಲ್ಲಿ ಎಂ.ಡಿ. ಆಗಬಹುದಾದರೆ ಆತನ ಹಿಂದಿನ ಶಿಕ್ಷಣ ಸಮಾನವೇ ಆಗಿದ್ದಿರಬೇಕಲ್ಲವೆ ಎಂಬ ತರ್ಕ ಇತರ ಸಂಸ್ಥಾನಗಳಲ್ಲಿ ಆಸ್ಟಿಯೋಪಥಿಯವರಿಗೆ ಬಲವಾದ ಸಾಕ್ಷ್ಯವಾಯಿತು. 1974ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಅಲ್ಲಿಯೂ ಅವರಿಗೆ ಮತ್ತೆ ಬಾಗಿಲನ್ನು ತೆರೆಸಿತು.

ಅನಂತರದ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1966ರಲ್ಲಿ ಸೈನ್ಯವು ಡಿ.ಒ. ವೈದ್ಯರನ್ನು ಅಂಗೀಕರಿಸಿತು, 1969ರಲ್ಲಿ ವೈದ್ಯಸಂಘವು ತನ್ನ ಸದಸ್ಯತ್ವವನ್ನು ಅವರಿಗೂ ತೆರೆಯಿತು, 1973ರಲ್ಲಿ ಮಿಸ್ಸಿಸ್ಸಿಪ್ಪಿ ಸಂಸ್ಥಾನವೂ ಒಪ್ಪುವುದರೊಡನೆ ಐವತ್ತು ಸಂಸ್ಥಾನಗಳಲ್ಲಿಯೂ ಅವರಿಗೆ ಪೂರ್ಣಾಧಿಕಾರ ದೊರೆಯಿತು. ಪದವಿಯ ತರುವಾಯ ಆಸ್ಪತ್ರೆಗಳಲ್ಲಿ ಪಡೆಯುವ ತರಬೇತಿಯ ವ್ಯವಸ್ಥೆಗಳು ಬಹುಕಾಲ ಪ್ರತ್ಯೇಕವಾಗಿದ್ದು, 2014ರ ಒಪ್ಪಂದದಂತೆ 2020ರ ಹೊತ್ತಿಗೆ ಒಂದಾದವು. ಇಂದು ಆ ದೇಶದ ವೈದ್ಯರಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಮಂದಿಯೂ, ವೈದ್ಯವಿದ್ಯಾರ್ಥಿಗಳಲ್ಲಿ ನಾಲ್ವರಲ್ಲೊಬ್ಬರಿಗಿಂತ ಹೆಚ್ಚು ಮಂದಿಯೂ ಈ ವರ್ಗಕ್ಕೆ ಸೇರಿದವರು. ಅಲ್ಲಿ ನೆಲಸಿರುವ ಭಾರತೀಯ ಕುಟುಂಬಗಳ ಮಕ್ಕಳೂ ಈ ವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ.

ಶಿಕ್ಷಣದಲ್ಲಿ ಉಳಿದಿರುವ ಭೇದವೆಂದರೆ, ಡಿ.ಒ. ವಿದ್ಯಾರ್ಥಿಯು ನಾಲ್ಕು ವರ್ಷದ ಸಾಮಾನ್ಯ ವೈದ್ಯಪಾಠಗಳ ಜೊತೆಗೆ ಸುಮಾರು 200 ಗಂಟೆಗಳ ಕಾಲ ಕೈಚಿಕಿತ್ಸೆಯನ್ನು ಕಲಿಯುತ್ತಾನೆ: ಬೆರಳ ತುದಿಗಳಿಂದ ಸ್ನಾಯುವಿನ ಬಿಗಿತವನ್ನು ಗುರುತಿಸುವುದು, ಸಂಧಿಯ ಚಲನೆಯ ಮಿತಿಯನ್ನು ಅಳೆಯುವುದು, ಒತ್ತಿ, ನೀವಿ, ಎಳೆದು, ಕೆಲವೊಮ್ಮೆ ಚಟಕ್ಕನೆ ತಿರುಗಿಸಿ ಸಡಿಲಿಸುವುದು. ಪ್ರವೇಶಪರೀಕ್ಷೆಯ ಅಂಕಗಳಲ್ಲಿ ಈ ವಿದ್ಯಾಲಯಗಳಿಗೆ ಸೇರುವವರ ಸರಾಸರಿಯು ಎಂ.ಡಿ. ವಿದ್ಯಾಲಯಗಳಿಗೆ ಸೇರುವವರ ಸರಾಸರಿಗಿಂತ ತುಸು ಕೆಳಗಿರುವುದೂ, ಸ್ವಂತ ಬೋಧನಾಸ್ಪತ್ರೆಗಳಿಲ್ಲದ ವಿದ್ಯಾಲಯಗಳು ಈ ವರ್ಗದಲ್ಲಿ ಹೆಚ್ಚಾಗಿರುವುದೂ ನಿಜ. ಆದರೆ ಪದವಿಯಾದ ಮೇಲೆ ಮೂರರಿಂದ ಏಳು ವರ್ಷಗಳವರೆಗೆ ನಡೆಯುವ ವಿಶೇಷ ತರಬೇತಿಯಲ್ಲಿ ಎರಡು ವರ್ಗದವರೂ ಒಂದೇ ವಾರ್ಡಿನಲ್ಲಿ, ಒಂದೇ ಗುರುಗಳ ಕೆಳಗೆ ದುಡಿಯುತ್ತಾರೆ; ರೋಗಿಯ ಮುಂದೆ ನಿಂತ ವೈದ್ಯನನ್ನು ಹೆಚ್ಚಾಗಿ ರೂಪಿಸಿರುವುದು ಆ ವರ್ಷಗಳು. ಇನ್ನು ಕೈಚಿಕಿತ್ಸೆಯನ್ನೂ ಎಲ್ಲರೂ ಮುಂದುವರಿಸುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರವಿತ್ತ ಡಿ.ಒ. ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ರೋಗಿಗಳಲ್ಲಿ ಶೇಕಡ 5ಕ್ಕಿಂತ ಕಡಿಮೆ ಜನಕ್ಕೆ ಮಾತ್ರ ಅದನ್ನು ಪ್ರಯೋಗಿಸುತ್ತಿದ್ದರೆಂದು ತಿಳಿದುಬಂದಿತು. ಆದಕಾರಣ ಕೈಚಿಕಿತ್ಸೆಗೆಂದೇ ಡಿ.ಒ. ವೈದ್ಯನನ್ನು ಹುಡುಕುವ ರೋಗಿಯು ಮೊದಲೇ ದೂರವಾಣಿಯಲ್ಲಿ ವಿಚಾರಿಸದೆ ಹೋದರೆ ನಿರಾಶನಾಗುವುದು ಸಹಜ.

ಹಾಗಾದರೆ ಇಂದಿನ ರೋಗಿ ಆರಿಸುವುದು ಹೇಗೆ? ಬಹುಮಂದಿ ಪದವಿಯನ್ನು ನೋಡಿ ಆರಿಸುವುದೇ ಇಲ್ಲ. ವಿಮಾಸಂಸ್ಥೆಯು ತನ್ನ ಪಟ್ಟಿಯಲ್ಲಿರುವ ವೈದ್ಯರಿಗೆ ಮಾತ್ರ ಪೂರ್ಣವಾಗಿ ಹಣ ತೆರುತ್ತದೆ. ಆ ಪಟ್ಟಿಯಲ್ಲಿ ಮನೆಗೆ ಸಮೀಪದಲ್ಲಿರುವವರು ಕೆಲವರು. ಅವರಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವವರು ಇನ್ನೂ ಕೆಲವರು. ಅವರಲ್ಲಿ ಈ ತಿಂಗಳಲ್ಲೇ ಸಮಯ ಕೊಡಬಲ್ಲವರು ಒಬ್ಬಿಬ್ಬರು. ಆ ಒಬ್ಬಿಬ್ಬರಲ್ಲಿ ಒಬ್ಬನ ಹೆಸರಿನ ಮುಂದೆ ಡಿ.ಒ. ಎಂದಿದ್ದರೆ ರೋಗಿಗೆ ಅದು ಎಷ್ಟೋ ವೇಳೆ ಚಿಕಿತ್ಸಾಲಯದ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಓದುವವರೆಗೂ ಗಮನಕ್ಕೆ ಬರುವುದಿಲ್ಲ. ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೊಸದಾಗಿ ಹೋಗಿ ಇಳಿದ ಕನ್ನಡಿಗ ಕುಟುಂಬಕ್ಕೂ ಈ ಎರಡಕ್ಷರಗಳ ಪ್ರಥಮ ಪರಿಚಯವಾಗುವುದು ಇಂಥ ಪಟ್ಟಿಯಲ್ಲೇ; ನಮ್ಮಲ್ಲಿ ಅವು ನೇತ್ರವೈದ್ಯದ ಡಿಪ್ಲೊಮಾಕ್ಕೆ ಸಲ್ಲುವ ಅಕ್ಷರಗಳಾದ್ದರಿಂದ ಮಗುವಿನ ಕೆಮ್ಮಿಗೆ ಕಣ್ಣಿನ ಡಾಕ್ಟರನ್ನೇಕೆ ಸೂಚಿಸಿದ್ದಾರೆಂದು ತಾಯಿತಂದೆಯರು ದಿಗಿಲುಗೊಂಡರೆ ತಪ್ಪೇನಿಲ್ಲ.

ಗ್ರಾಮಾಂತರ ಪ್ರದೇಶಗಳಲ್ಲಿ ಆಯ್ಕೆಯೆಂಬ ಮಾತೇ ಕೃಶವಾಗುತ್ತದೆ. ಅಪಲೇಚಿಯನ್ ಬೆಟ್ಟಸೀಮೆಯಲ್ಲಿ, ವೆಸ್ಟ್ ವರ್ಜೀನಿಯದ ಲೂಯಿಸ್‌ಬರ್ಗ್ ಮತ್ತು ಕೆಂಟಕಿಯ ಪೈಕ್‌ವಿಲ್ ಮುಂತಾದ ಸಣ್ಣ ಪಟ್ಟಣಗಳಲ್ಲಿ, ಆಸ್ಟಿಯೋಪಥಿಕ್ ವಿದ್ಯಾಲಯಗಳನ್ನು ಸ್ಥಾಪಿಸಿದ ಉದ್ದೇಶವೇ ವೈದ್ಯರಿಲ್ಲದ ಊರುಗಳಿಗೆ ಆ ಸೀಮೆಯ ಮಕ್ಕಳನ್ನೇ ವೈದ್ಯರನ್ನಾಗಿ ಮಾಡಿ ಕಳುಹಿಸುವುದು. ಈ ವರ್ಗದ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾಥಮಿಕ ಚಿಕಿತ್ಸೆಯಲ್ಲಿ, ಎಂದರೆ ಕುಟುಂಬವೈದ್ಯ, ಸಾಮಾನ್ಯ ಕಾಯಚಿಕಿತ್ಸೆ, ಶಿಶುವೈದ್ಯ ಇವುಗಳಲ್ಲಿ ನಿರತರಾಗಿದ್ದಾರೆ. ಗಣಿಯೂರಿನ ರೋಗಿಗೆ ಐವತ್ತು ಮೈಲಿಗಳೊಳಗೆ ಒಬ್ಬನೇ ವೈದ್ಯನಿದ್ದು ಅವನು ಡಿ.ಒ. ಆಗಿದ್ದರೆ, ಅವನು ಎಂ.ಡಿ. ಅಲ್ಲವೆಂಬುದು ಆ ರೋಗಿಗೆ ಗಣನೆಯ ವಿಷಯವಲ್ಲ. ಸಮಾಜಕ್ಕೆ ಆಸ್ಟಿಯೋಪಥಿಯಿಂದ ಆಗಿರುವ ಉಪಕಾರಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸಬೇಕು. ಸ್ಟಿಲ್‌ನ ಸಿದ್ಧಾಂತಕ್ಕಿಂತ ಇದು ಹೆಚ್ಚು ಪ್ರಾಣಗಳನ್ನು ಉಳಿಸಿದೆಯೆಂಬುದರಲ್ಲಿ ಸಂದೇಹವಿಲ್ಲ.

ಬುದ್ಧಿಪೂರ್ವಕವಾಗಿ ಡಿ.ಒ. ವೈದ್ಯನನ್ನೇ ಅರಸುವವರೂ ಉಂಟು. ಅವರಲ್ಲಿ ಒಂದು ಬಗೆಯವರು ಬೆನ್ನು, ಕುತ್ತಿಗೆ, ಸೊಂಟಗಳ ನೋವಿನವರು. ಔಷಧವನ್ನೂ ಕೈಚಿಕಿತ್ಸೆಯನ್ನೂ ಒಬ್ಬನೇ ವೈದ್ಯನಿಂದ ಪಡೆಯಬಯಸುವವರು. ಇನ್ನೊಂದು ಬಗೆಯವರು ಈ ವೈದ್ಯರು ರೋಗವನ್ನಲ್ಲ, ಮನುಷ್ಯನನ್ನು ಸಮಗ್ರವಾಗಿ ನೋಡುತ್ತಾರೆಂಬ ಪ್ರಸಿದ್ಧಿಯನ್ನು ನಂಬಿ ಬರುವವರು. ಈ ಪ್ರಸಿದ್ಧಿಯನ್ನು ವೃತ್ತಿಯ ಸಂಘಗಳು ಅಕ್ಕರೆಯಿಂದ ಪೋಷಿಸಿಕೊಂಡು ಬಂದಿವೆ. ಆದರೆ ಸಮಾಧಾನದಿಂದ ಕೇಳುವ, ಮೈಮುಟ್ಟಿ ಪರೀಕ್ಷಿಸುವ ವೈದ್ಯನು ಎರಡು ವರ್ಗಗಳಲ್ಲಿಯೂ ಇದ್ದಾನೆ; ಗಡಿಯಾರವನ್ನು ನೋಡುತ್ತ ಕಂಪ್ಯೂಟರಿನ ಪರದೆಗೆ ಮುಖಮಾಡಿ ಮಾತನಾಡುವವನೂ ಎರಡರಲ್ಲಿಯೂ ಇದ್ದಾನೆ. ಆದರೂ ಸ್ಪರ್ಶವನ್ನು ವಿದ್ಯೆಯಾಗಿ ಕಲಿಸುವ ಶಾಲೆಯಲ್ಲಿ ಓದಿದವನು ರೋಗಿಯ ಮೈಮುಟ್ಟಲು ಸಂಕೋಚಪಡುವುದು ಕಡಿಮೆ, ಮತ್ತು ಯಂತ್ರಪರೀಕ್ಷೆಗಳೇ ಪ್ರಬಲವಾಗಿರುವ ಈ ಕಾಲದಲ್ಲಿ ಆ ಅಭ್ಯಾಸ ಬೆಲೆಯುಳ್ಳದ್ದು.

ಎಂ.ಡಿ. ವೈದ್ಯನೇ ಬೇಕೆಂದು ಹಟಹಿಡಿಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಹಳೆಯ ಕಲಹದ ನೆರಳು. 2020ರ ಅಕ್ಟೋಬರಿನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕೋವಿಡ್ ಬಾಧಿತನಾದಾಗ, ಅವನ ವೈದ್ಯನಾದ ಶಾನ್ ಕಾನ್ಲಿ ಡಿ.ಒ. ಪದವೀಧರನೆಂಬುದನ್ನು ಕಂಡು, ಇವನು ನಿಜವಾದ ವೈದ್ಯನೇ ಎಂದು ಬಹಿರಂಗವಾಗಿ ಕೇಳಿದವರಿದ್ದರು. ಅನಂತರ ಬಂದ ಅಧ್ಯಕ್ಷ ಜೋ ಬೈಡನ್‌ನ ವೈದ್ಯನಾದ ಕೆವಿನ್ ಓಕಾನರ್ ಸಹ ಅದೇ ಪದವಿಯವನು. ದೇಶದ ಅತ್ಯುನ್ನತ ವ್ಯಕ್ತಿಯ ಆರೋಗ್ಯವನ್ನು ಒಪ್ಪಿಸಿಕೊಂಡ ಮೇಲೂ ಸಂಶಯ ಉಳಿದಿರುವುದಾದರೆ ಅದು ಜ್ಞಾನದಿಂದ ಹುಟ್ಟಿದ ಸಂಶಯವಲ್ಲ.

ಫಲಿತಾಂಶಗಳನ್ನು ಹೋಲಿಸಿ ನೋಡಿದ ಅಧ್ಯಯನಗಳು ಈ ಸಂಶಯವನ್ನು ಸಮರ್ಥಿಸುವುದಿಲ್ಲ. ಸರ್ಕಾರಿ ವಿಮೆಯ ಆಶ್ರಯದಲ್ಲಿ 2016ರಿಂದ 2019ರವರೆಗೆ ಆಸ್ಪತ್ರೆ ಸೇರಿದ 65 ವರ್ಷ ಮೀರಿದ ರೋಗಿಗಳ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ವಿಶಾಲವಾದ ಅಧ್ಯಯನದಲ್ಲಿ, 30 ದಿನಗಳೊಳಗೆ ಮೃತರಾದವರ ಪ್ರಮಾಣ ಎಂ.ಡಿ. ವೈದ್ಯರು ನೋಡಿದವರಲ್ಲಿ ಶೇಕಡ 9.4, ಡಿ.ಒ. ವೈದ್ಯರು ನೋಡಿದವರಲ್ಲಿ ಶೇಕಡ 9.5 ಎಂದು ಕಂಡುಬಂದಿತು. ಇವೆರಡರ ನಡುವೆ ಅರ್ಥವುಳ್ಳ ವ್ಯತ್ಯಾಸವಿಲ್ಲ. ಕೈಚಿಕಿತ್ಸೆಯನ್ನೇ ಕುರಿತು ನಡೆದ ಪ್ರಯೋಗಗಳಲ್ಲಿ 1999ರಲ್ಲಿ ಪ್ರಕಟವಾದದ್ದು ಪ್ರಸಿದ್ಧವಾದುದು. ಸೊಂಟನೋವಿನ 155 ರೋಗಿಗಳಲ್ಲಿ ಕೆಲವರಿಗೆ ಸಾಮಾನ್ಯ ಚಿಕಿತ್ಸೆಯನ್ನೂ ಕೆಲವರಿಗೆ ಆಸ್ಟಿಯೋಪಥಿಯ ಕೈಚಿಕಿತ್ಸೆಯನ್ನೂ ಕೊಟ್ಟು 12 ವಾರಗಳ ಕಾಲ ಗಮನಿಸಿದಾಗ ಎರಡು ಗುಂಪಿನವರೂ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಗುಣಹೊಂದಿದರು. ಆದರೆ ಕೈಚಿಕಿತ್ಸೆ ಪಡೆದವರು ನುಂಗಿದ ಔಷಧ ಕಡಿಮೆ. ನೋವಿನ ಮಾತ್ರೆಗಳ ದುರಭ್ಯಾಸದಿಂದ ಅಸಂಖ್ಯ ಕುಟುಂಬಗಳು ಹಾಳಾದ ದೇಶದಲ್ಲಿ ಈ ಕಡಿಮೆ ಎಂಬುದು ಕಡಿಮೆಯ ಲಾಭವಲ್ಲ. ಸೊಂಟನೋವಿನ ಹೊರಗೆ, ಆಸ್ತಮ, ಕಿವಿಸೋರಿಕೆ, ಶಿಶುಗಳ ಹೊಟ್ಟೆನೋವು ಮುಂತಾದವುಗಳಲ್ಲಿ ಕೈಚಿಕಿತ್ಸೆಯ ಪ್ರಯೋಜನಕ್ಕೆ ಆಧಾರಗಳು ದುರ್ಬಲ. ವಿಲಿಯಂ ಸದರ್‌ಲ್ಯಾಂಡ್ ಪ್ರವರ್ತಿಸಿದ, ತಲೆಬುರುಡೆಯ ಮೂಳೆಗಳನ್ನು ಮೃದುವಾಗಿ ಒತ್ತಿ ಗುಣಪಡಿಸುವೆನೆನ್ನುವ ಕ್ರಮಕ್ಕಂತೂ ನೆಚ್ಚಬಹುದಾದ ಆಧಾರವೇ ಇಲ್ಲ.

ಆದ್ದರಿಂದ ವಿವೇಕಿಯಾದ ರೋಗಿಯು ವಿಚಾರಿಸಬೇಕಾದದ್ದು ಪದವಿಯ ಅಕ್ಷರಗಳಿಗಿಂತ ಮಿಗಿಲಾಗಿ ಬೇರೆ ಸಂಗತಿಗಳನ್ನು: ವೈದ್ಯನು ಯಾವ ವಿಭಾಗದಲ್ಲಿ ವಿಶೇಷ ತರಬೇತಿ ಪಡೆದಿದ್ದಾನೆ, ಆ ವಿಭಾಗದ ಪ್ರಮಾಣಪತ್ರ ಅವನಿಗಿದೆಯೆ, ಅವನ ಅನುಮತಿಪತ್ರದ ಮೇಲೆ ಶಿಸ್ತುಕ್ರಮದ ದಾಖಲೆಯೇನಾದರೂ ಇದೆಯೆ. ಕ್ಯಾಲಿಫೋರ್ನಿಯ, ಮಿಶಿಗನ್, ಫ್ಲಾರಿಡ ಮುಂತಾದ ಕೆಲವು ಸಂಸ್ಥಾನಗಳಲ್ಲಿ ಡಿ.ಒ. ವೈದ್ಯರಿಗೆ ಪ್ರತ್ಯೇಕವಾದ ಅನುಮತಿಮಂಡಲಿಗಳಿರುವುದರಿಂದ, ಸಾಮಾನ್ಯ ಮಂಡಲಿಯ ಪಟ್ಟಿಯಲ್ಲಿ ಹೆಸರು ಕಾಣದಿದ್ದ ಮಾತ್ರಕ್ಕೆ ವಂಚಕನೆಂದು ಭಾವಿಸಕೂಡದು. ಕೈಚಿಕಿತ್ಸೆಗೆ ಒಪ್ಪುವ ಮುನ್ನ, ಮೂಳೆಸವೆತ, ಕ್ಯಾನ್ಸರ್, ರಕ್ತ ತೆಳುವಾಗಿಸುವ ಔಷಧ ಇವುಗಳೇನಾದರೂ ಇದ್ದರೆ ಮುಚ್ಚಿಡದೆ ತಿಳಿಸಬೇಕು. ಕತ್ತನ್ನು ವೇಗವಾಗಿ ತಿರುಗಿಸುವ ಕ್ರಮದಿಂದ, ಅಪರೂಪವಾಗಿಯಾದರೂ, ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಉಂಟಾದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿವೆ. ಬೆನ್ನುನೋವಿನ ಜೊತೆಗೆ ಕಾಲುಗಳ ಬಲ ಕುಂದಿದರೆ, ಮಲಮೂತ್ರಗಳ ಮೇಲಿನ ಹಿಡಿತ ತಪ್ಪಿದರೆ, ಯಾವ ಪದವಿಯವನ ಕೈಚಿಕಿತ್ಸೆಗೂ ಕಾಯದೆ ಆಸ್ಪತ್ರೆಯ ತುರ್ತುವಿಭಾಗಕ್ಕೆ ಹೋಗಬೇಕು.

ಮೇಲೆ ಹೇಳಿದ ಸಮಾನತೆ ಅಮೆರಿಕದ ಡಿ.ಒ. ಪದವಿಗೆ ಮಾತ್ರ ಅನ್ವಯಿಸತಕ್ಕದ್ದು. ಸ್ಟಿಲ್‌ನ ಶಿಷ್ಯನಾದ ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪಥಿಯನ್ನು ಸ್ಥಾಪಿಸಿದನು. ಆದರೆ ಅಲ್ಲಿ ಈ ವಿದ್ಯೆ ವೈದ್ಯಪದವಿಯಾಗಿ ಬೆಳೆಯದೆ ಕೈಚಿಕಿತ್ಸೆಯ ಪ್ರತ್ಯೇಕ ವೃತ್ತಿಯಾಗಿಯೇ ಉಳಿಯಿತು. 1935ರಲ್ಲಿ ಪ್ರಭುಗಳ ಸಭೆಯ ಮುಂದೆ ಬಂದ ಮಸೂದೆ ಬಿದ್ದುಹೋಗಿ, 1993ರ ಶಾಸನದಿಂದ ಮಾತ್ರ ಆ ವೃತ್ತಿಗೆ ಕಾನೂನಿನ ಚೌಕಟ್ಟು ದೊರೆಯಿತು. ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಆಸ್ಟಿಯೋಪಾತ್ ಎಂದು ಫಲಕ ಹಾಕಿಕೊಂಡವನು, ಬೇರೆಯಾಗಿ ವೈದ್ಯಪದವಿಯನ್ನು ಪಡೆದಿದ್ದ ಹೊರತು, ಔಷಧ ಬರೆದುಕೊಡುವ ವೈದ್ಯನಲ್ಲ. ಅಲ್ಲಿಯ ರೋಗಿಯು ಅವನನ್ನು ವೈದ್ಯನಿಗೆ ಬದಲಾಗಿ ಆರಿಸಿಕೊಳ್ಳುವುದಿಲ್ಲ, ವೈದ್ಯನ ಜೊತೆಗೆ ಸೇರಿಸಿಕೊಳ್ಳುತ್ತಾನೆ. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯೂ ಸೊಂಟನೋವಿಗೆ ಕೈಚಿಕಿತ್ಸೆಯನ್ನು ವ್ಯಾಯಾಮದೊಡನೆ ಕೂಡಿದ ಅಂಗವಾಗಿ ಮಾತ್ರ ಒಪ್ಪುತ್ತದೆ, ಪ್ರತ್ಯೇಕವಾದ ಚಿಕಿತ್ಸೆಯಾಗಿ ಅಲ್ಲ.